ಗೋಡೆಯ ಮೇಲಿನ ನಾಯಕ, ಗೋಡೆಯ ಮೇಲಿಲ್ಲದ ಸಾಹುಕಾರ

(ಕುಮಟೆಯಲ್ಲಿ ಗಿರಣಿ ಕೆಲಸಗಾರರ ಹಾಗೂ ಚಿಲ್ಲರೆ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)

ಮಜೂರಿಯ ಮಾತು, ಬೋನಸ್ಸಿನ ಮಾತು, ಅಂಗಡಿ ಬಾಡಿಗೆಯ ಮಾತು ನಡೆಯುವ ಈ ಕೂಟದಲ್ಲಿ ಇಂದು ಸಿನೇಮಾ ಪೋಸ್ಟರಿನ ವಿಷಯವೇಕೆ ಎಂದು ಕೆಲವರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಮೊದಲು ಉತ್ತರ ಹೇಳಿ ಮುಂದೆ ಹೋಗುತ್ತೇನೆ.

ಭಟ್ಕಳದಿಂದ ಹೊನ್ನಾವರ, ಹೊನ್ನಾವರದಿಂದ ಕುಮಟೆ, ಈ ಹೆದ್ದಾರಿಯ ಉದ್ದಕ್ಕೂ ಬಸ್ಸಿನಲ್ಲಿ ಕುಳಿತವನ ಕಣ್ಣಿಗೆ ಬೀಳುವ ಬರಹ ಯಾವುದು? ಪುಸ್ತಕವಲ್ಲ, ಪತ್ರಿಕೆಯಲ್ಲ. ಗೋಡೆಯ ಮೇಲಿನ, ಕಂಬದ ಮೇಲಿನ, ಅಂಗಡಿಯ ಮೇಲಿನ ಜಾಹೀರಾತು. ಅದನ್ನು ಓದಲು ಅಕ್ಷರ ಬೇಕಿಲ್ಲ. ಸಾಲೆಗೆ ಹೋಗದ ಅಜ್ಜಿಯೂ ಓದುತ್ತಾಳೆ, ಇನ್ನೂ ಸಾಲೆಗೆ ಸೇರದ ಮಗುವೂ ಓದುತ್ತದೆ. ಸಾಲೆಯ ಮಾಸ್ತರನಾಗಿ ಕೆಲಸ ಮಾಡಿದವನಾದುದರಿಂದ ಹೇಳುತ್ತೇನೆ: ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಸಾಲೆ ಗೋಡೆಯೇ. ಆ ಸಾಲೆಯಲ್ಲಿ ಏನು ಪಾಠ ನಡೆಯುತ್ತಿದೆ, ಯಾರ ಖರ್ಚಿನಲ್ಲಿ ನಡೆಯುತ್ತಿದೆ, ಯಾರ ಲಾಭಕ್ಕೆ ನಡೆಯುತ್ತಿದೆ ಎಂಬುದನ್ನು ದುಡಿಯುವ ಜನ ತಿಳಿದಿರಬೇಕು. ಇದಿಷ್ಟೇ ಇಂದಿನ ವಿಷಯ.

ಮೊದಲು ಸ್ವಲ್ಪ ಚರಿತ್ರೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಅದುವರೆಗೆ ಅವರ ಬಣ್ಣದ ಚಿತ್ರಗಳು ಹೆಚ್ಚಾಗಿ ಅರಮನೆಯ ಗೋಡೆಗೆ ಮೀಸಲು. ಆ ಮೇಲೆ ಲಕ್ಷ್ಮಿ, ಸರಸ್ವತಿಯರು ಬಡವನ ಮನೆಯ ಗೋಡೆಗೂ, ಅಂಗಡಿಯ ಗಲ್ಲೆಯ ಹಿಂದಿನ ಗೋಡೆಗೂ ಬಂದರು. ಇಂದಿಗೂ ನಮ್ಮ ವ್ಯಾಪಾರಿ ಬಂಧುಗಳು ದೀಪ ಹಚ್ಚುವ ಚಿತ್ರದಲ್ಲಿ ಆ ಕೈಯ ಗುರುತಿದೆ. ಈ ಮುದ್ರಣಾಲಯಕ್ಕೆ ಕೆಲಸ ಮಾಡಿದ ದಾದಾಸಾಹೇಬ ಫಾಳಕೆಯವರೇ ಮುಂದೆ 1913ರ ಮೇ 3ರಂದು ಮುಂಬಯಿಯಲ್ಲಿ 'ರಾಜಾ ಹರಿಶ್ಚಂದ್ರ' ಚಿತ್ರವನ್ನು ತೆರೆಗೆ ತಂದರು. ದೇವರ ಚಿತ್ರ ಮಾರಿದ ಕೈ, ಕಲ್ಲಚ್ಚು ಬಲ್ಲ ಕೈ, ಸಿನೇಮಾ ಹುಟ್ಟಿಸಿದ ಕೈ, ಇವು ಒಂದೇ ಕಡೆ ಕೂಡಿದವು. ಸಿನೇಮಾದ ನಾಯಕ ಪೋಸ್ಟರಿನಲ್ಲಿ ದೇವರ ಹಾಗೆ ನಿಲ್ಲುವುದು ಅಂದಿನಿಂದ ಬಂದ ರೂಢಿ.

ಫಾಳಕೆಯವರು ಕೊಟ್ಟ ಜಾಹೀರಾತನ್ನು ಕೇಳಿ. 57,000 ಛಾಯಾಚಿತ್ರಗಳು, ಎರಡು ಮೈಲು ಉದ್ದದ ಚಿತ್ರ, ಬೆಲೆ ಬರೇ ಮೂರು ಆಣೆ ಎಂದು ಸಾರಿದರು. ನಮ್ಮ ಬಟ್ಟೆಯಂಗಡಿಯವರಿಗೆ ಇದು ಕೂಡಲೇ ತಿಳಿಯುತ್ತದೆ. ಗಜದ ಲೆಕ್ಕದಲ್ಲಿ ಬಟ್ಟೆ ಮಾರಿದಂತೆ ಮೈಲಿನ ಲೆಕ್ಕದಲ್ಲಿ ಚಿತ್ರ ಮಾರಿದರು. ಆ ಚಿತ್ರದಲ್ಲಿ ರಾಣಿ ತಾರಾಮತಿಯ ಪಾತ್ರ ಮಾಡಿದವರು ಅಣ್ಣಾ ಸಾಳುಂಕೆ ಎಂಬ, ಹೊಟೇಲಿನಲ್ಲಿ ಅಡಿಗೆ ಕೆಲಸ ಮಾಡುತ್ತಿದ್ದ ಗಂಡಸು. ಭಾರತದ ತೆರೆಯ ಮೊದಲ ರಾಣಿ ಒಬ್ಬ ಹೊಟೇಲು ಕೆಲಸಗಾರ ಎಂಬುದನ್ನು ನಾವು ಮರೆಯಬಾರದು.

ಕೊಲ್ಹಾಪುರದ ಬಾಬೂರಾವ್ ಪೇಂಟರ್ ಇನ್ನೊಬ್ಬರು. ಮೇಸ್ತ್ರಿಗಳ ಮನೆತನದಲ್ಲಿ 1890ರಲ್ಲಿ ಹುಟ್ಟಿದ ಇವರು ನಾಟಕದ ಪರದೆ ಬರೆದು, ಆ ಮೇಲೆ ಸಿನೇಮಾ ಮಾಡಿ, ತಮ್ಮ ಚಿತ್ರಗಳ ಪೋಸ್ಟರುಗಳನ್ನೂ ತಾವೇ ಬರೆದರು. 1925ರ ಇವರ 'ಸಾವಕಾರಿ ಪಾಶ'ದಲ್ಲಿ ಬಡ ರೈತನೊಬ್ಬ ಸಾಲ ಕೊಟ್ಟವನಿಗೆ ಭೂಮಿ ಕಳೆದುಕೊಂಡು ಪಟ್ಟಣಕ್ಕೆ ಹೋಗಿ ಗಿರಣಿ ಕೆಲಸಗಾರನಾಗುತ್ತಾನೆ. ನಮ್ಮಲ್ಲಿ ಎಷ್ಟು ಮನೆಗಳ ಕಥೆ ಇದಲ್ಲ? ನಮ್ಮ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ಕೂಡ ತಯಾರಾದುದು ಕೊಲ್ಹಾಪುರದಲ್ಲೇ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಮುಂದೆ ಜಗತ್ಪ್ರಸಿದ್ಧರಾದ ಚಿತ್ರಗಾರ ಎಂ. ಎಫ್. ಹುಸೇನರು 1930ರ ದಶಕದಲ್ಲಿ ಮುಂಬಯಿಯ ಬೀದಿಗಳಲ್ಲಿ ಏಣಿ ಹತ್ತಿ ಸಿನೇಮಾ ಫಲಕ ಬರೆದವರು. ಅವರ ಕೂಲಿ ಚದರ ಅಡಿಯ ಲೆಕ್ಕ. ಗೋಡೆಗೆ ಸುಣ್ಣ ಬಳಿಯುವವನಿಗೂ ಅದೇ ಲೆಕ್ಕ.

ಹೀಗೆ ಪೋಸ್ಟರಿನ ಹಿಂದೆ ಮೊದಲಿನಿಂದಲೂ ಕೆಲಸಗಾರನಿದ್ದಾನೆ. ಕಲ್ಲಚ್ಚಿನ ಕೆಲಸ ಹೇಗೆಂದರೆ, ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲಿಗೆ ನೀರು ಹಚ್ಚಿದರೆ ಜಿಡ್ಡು ಇದ್ದಲ್ಲಿ ನೀರು ನಿಲ್ಲದು. ಎಣ್ಣೆಯ ಶಾಯಿ ಉರುಳಿಸಿದರೆ ಜಿಡ್ಡಿಗೆ ಮಾತ್ರ ಹತ್ತುತ್ತದೆ. ಎಣ್ಣೆಗೂ ನೀರಿಗೂ ಆಗದು ಎಂಬ, ನಮ್ಮ ಅಡಿಗೆಮನೆಗೆ ಗೊತ್ತಿರುವ ಸತ್ಯದ ಮೇಲೆ ಇಡೀ ವಿದ್ಯೆ ನಿಂತಿದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಬಣ್ಣ ಹೆಚ್ಚಿದರೆ ಕೂಲಿ ಹೆಚ್ಚು. ಆದುದರಿಂದ ಕಡಿಮೆ ಬಣ್ಣದಲ್ಲಿ ಹೆಚ್ಚು ಕಣ್ಣು ಸೆಳೆಯಬೇಕು. ಹಳೆಯ ಪೋಸ್ಟರುಗಳಲ್ಲಿ ಮುಖ ಅರ್ಧ ಕೆಂಪು, ಅರ್ಧ ನೀಲಿ ಇರುತ್ತಿದ್ದುದರ ಹಿಂದೆ ಕಲೆಯೂ ಇದೆ, ಈ ಜಮಾಖರ್ಚೂ ಇದೆ. ಮುಂದೆ ಆಫ್‌ಸೆಟ್ ಯಂತ್ರ ಬಂತು. ತಮಿಳುನಾಡಿನ ಶಿವಕಾಶಿ ಬೆಂಕಿಪೆಟ್ಟಿಗೆ, ಪಟಾಕಿಗಳ ಜೊತೆಗೆ ಪೋಸ್ಟರು ಅಚ್ಚು ಹಾಕುವ ಊರೂ ಆಯಿತು. ಇನ್ನು ಕಾಗದವೋ? ನಮ್ಮದೇ ಜಿಲ್ಲೆಯ ದಾಂಡೇಲಿಯ ಕಾಗದದ ಗಿರಣಿ 1955ರಲ್ಲಿ ಸ್ಥಾಪನೆಯಾಯಿತು. ಕಾಡಿನ ಬಿದಿರು, ಗಿರಣಿಯ ಬೆವರು, ಇವಿಲ್ಲದೆ ಕಾಗದವಿಲ್ಲ.

ಆ ಮೇಲೆ ಫ್ಲೆಕ್ಸ್ ಬಂತು. ಪ್ಲಾಸ್ಟಿಕ್ಕಿನ ಹಾಳೆ, ಗಣಕಯಂತ್ರದ ಚಿತ್ರ. ಏಣಿ ಹತ್ತಿ ಬರೆಯುತ್ತಿದ್ದ ಪೇಂಟರನ ಕೈ ಕೆಲಸ ತಪ್ಪಿತು. ಮೈದಾ ಅಂಟಿನ ಬಕೆಟ್ಟು ಹಿಡಿದು ನಸುಕಿನಲ್ಲಿ ಸೈಕಲ್ ತುಳಿಯುತ್ತಿದ್ದ ಪೋಸ್ಟರು ಹಚ್ಚುವವನ ಕೆಲಸವೂ ಕುಗ್ಗಿತು. 2016ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. ಅದು ಎಷ್ಟರಮಟ್ಟಿಗೆ ನಿಂತಿದೆ ಎಂಬುದನ್ನು ನಿಮ್ಮ ಪೇಟೆಯ ನಾಲ್ಕು ರಸ್ತೆ ಕೂಡುವಲ್ಲಿ ನಿಂತು ನೀವೇ ನೋಡಿ.

ಇನ್ನು ಮುಖ್ಯ ವಿಷಯ: ಪೋಸ್ಟರನ್ನು ಓದುವುದು ಹೇಗೆ? ಇದನ್ನು ನಮಗೆ ಬೆಂಗಳೂರಿನವರು ಬಂದು ಕಲಿಸಬೇಕಾಗಿಲ್ಲ. ನಾವು ಯಕ್ಷಗಾನದ ನಾಡಿನವರು. 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರ ತಾಲೂಕಿನವರು. ವೇಷ ರಂಗಸ್ಥಳಕ್ಕೆ ಬಂದು ಬಾಯಿ ತೆರೆಯುವ ಮೊದಲೇ ನಾವು ಇವನು ರಾಜ, ಇವನು ರಾಕ್ಷಸ, ಇವನು ಹಾಸ್ಯಗಾರ ಎಂದು ತಿಳಿಯುತ್ತೇವೆ. ಕಿರೀಟವೋ ಮುಂಡಾಸೋ, ಮುಖದ ಬಣ್ಣ ಯಾವುದು, ಕೈಯಲ್ಲಿ ಏನಿದೆ, ಇದರಿಂದಲೇ ಓದುತ್ತೇವೆ. ಪೋಸ್ಟರಿಗೂ ಇದೇ ಕಣ್ಣು ಸಾಕು. ನಾಲ್ಕು ಪ್ರಶ್ನೆ ಕೇಳಿ. ಯಾರು ದೊಡ್ಡವರು, ಯಾರು ಸಣ್ಣವರು? ಯಾವ ಬಣ್ಣ ಯಾರ ಮೇಲಿದೆ? ಕೈಯಲ್ಲಿರುವುದು ಏನು? ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಕಥೆಯಲ್ಲಿದ್ದು ಪೋಸ್ಟರಿನಲ್ಲಿ ಇಲ್ಲದವರು ಯಾರು?

ಈ ಪ್ರಶ್ನೆಗಳನ್ನು ಹಿಡಿದು ಎರಡು ಚಿತ್ರಗಳನ್ನು ನೋಡೋಣ.

ಒಂದು, 1957ರ 'ಮದರ್ ಇಂಡಿಯಾ'. ಮೆಹಬೂಬ್ ಖಾನರ ಈ ಹಿಂದಿ ಚಿತ್ರವನ್ನು ನಮ್ಮ ಹಿರಿಯರು ನೋಡಿ ಅತ್ತಿದ್ದಾರೆ. ಅವರ ಸಂಸ್ಥೆಯ ಲಾಂಛನದಲ್ಲಿ ಸುತ್ತಿಗೆ ಕುಡುಗೋಲು ಇತ್ತು. ಕಥೆಯ ಬೇರು ಒಂದು ಸಾಲ. ಮದುವೆಗಾಗಿ ಅತ್ತೆ ಮಾಡಿದ 500 ರೂಪಾಯಿ ಸಾಲಕ್ಕೆ ಬೆಳೆಯ ಮುಕ್ಕಾಲು ಪಾಲು ಬಡ್ಡಿಯಾಗಿ ಸುಖೀಲಾಲನೆಂಬ ಸಾಹುಕಾರನಿಗೆ ಹೋಗುತ್ತದೆ. ಅಕ್ಷರ ಬಾರದವರ ಹೆಬ್ಬೆಟ್ಟು, ಅಕ್ಷರ ಬಲ್ಲವನ ಲೆಕ್ಕದ ಪುಸ್ತಕ, ಇವೆರಡರ ನಡುವಿನ ಕಥೆ ಅದು. ಆದರೆ ನಮ್ಮೆಲ್ಲರ ಮನಸ್ಸಿನಲ್ಲಿ ನಿಂತ ಪೋಸ್ಟರಿನ ಚಿತ್ರ ಯಾವುದು? ನೇಗಿಲು ಹೊತ್ತ ನರ್ಗೀಸ್. ಭಾರಕ್ಕೆ ಬಾಗಿದ ಮೈ, ಬಾಗದ ಮುಖ. ಏಸುವಿನ ಶಿಲುಬೆ ಬಲ್ಲವರಿಗೆ ಶಿಲುಬೆ ಕಾಣುತ್ತದೆ, ಭೂಮಿತಾಯಿಯನ್ನು ಪೂಜಿಸುವವರಿಗೆ ಭೂಮಿತಾಯಿ ಕಾಣುತ್ತಾಳೆ. ದುಡಿಯುವ ಹೆಂಗಸಿನ ಮೈಗೆ ಇಷ್ಟು ಗೌರವ ಕೊಟ್ಟ ಚಿತ್ರ ನಮ್ಮ ದೇಶದ ಗೋಡೆಗಳ ಮೇಲೆ ಅಪರೂಪ. ಅದಕ್ಕೆ ನಮಸ್ಕಾರ. ಆದರೆ ನಾಲ್ಕನೆಯ ಪ್ರಶ್ನೆ ಕೇಳಿ. ಆ ಚಿತ್ರದಲ್ಲಿ ಸುಖೀಲಾಲ ಎಲ್ಲಿ? ಅವನ ಪುಸ್ತಕ ಎಲ್ಲಿ? ಕಷ್ಟ ಗೋಡೆಯ ಮೇಲೆ ಬಂತು, ಕಷ್ಟ ಕೊಟ್ಟವನು ಬರಲಿಲ್ಲ. ನೋಡಿದವನು ತಾಯಿಯ ತಾಳ್ಮೆಗೆ ಕೈ ಮುಗಿದು ಮನೆಗೆ ಹೋಗುತ್ತಾನೆ. ಬಡ್ಡಿಯ ದರ ಕೇಳುವುದಿಲ್ಲ.

ಎರಡನೆಯದು ನಮ್ಮ ಮಗ್ಗುಲಿನ ಚಿತ್ರ. ಭಟ್ಕಳ ದಾಟಿ ಬೈಂದೂರು, ಅದರಾಚೆ ಕುಂದಾಪುರ. ಆ ತಾಲೂಕಿನ ಕೆರಾಡಿಯವರು ರಿಷಬ್ ಶೆಟ್ಟಿ. ಅವರ 'ಕಾಂತಾರ' 2022ರ ಸೆಪ್ಟೆಂಬರ್ 30ರಂದು ಬಂತು. ಹೊಂಬಾಳೆ ಸಂಸ್ಥೆ ತೆಗೆದ ಚಿತ್ರ. ಸುಮಾರು 16 ಕೋಟಿ ರೂಪಾಯಿಯಲ್ಲಿ ತಯಾರಾಗಿ 400 ಕೋಟಿಯ ಹತ್ತಿರ ಗಳಿಸಿತು ಎಂದು ವ್ಯಾಪಾರದ ವರದಿಗಳು ಹೇಳಿದವು. ನಟನೆಗಾಗಿ ರಿಷಬರಿಗೆ ರಾಷ್ಟ್ರಪ್ರಶಸ್ತಿಯನ್ನು 2024ರಲ್ಲಿ ಘೋಷಿಸಿದರು. ನಮ್ಮ ಕರಾವಳಿಯ ಹುಡುಗ, ನಮ್ಮ ಕರಾವಳಿಯ ಮಾತು, ನಮಗೂ ಹೆಮ್ಮೆ.

ಕಥೆ ಏನು? 1847ರಲ್ಲಿ ಒಬ್ಬ ಅರಸ ದೈವದ ಕಲ್ಲಿಗಾಗಿ ಕಾಡಂಚಿನ ಜನರಿಗೆ ಭೂಮಿ ಬಿಟ್ಟುಕೊಡುತ್ತಾನೆ. ಅವನ ಸಂತತಿ ಆ ಭೂಮಿಯನ್ನು ಮರಳಿ ಕೇಳುತ್ತದೆ. 1990ರಲ್ಲಿ ಒಂದು ಕಡೆಯಿಂದ ಅರಣ್ಯ ಇಲಾಖೆಯ ಗಡಿ, ಇನ್ನೊಂದು ಕಡೆಯಿಂದ ನಗುಮುಖದ ಒಡೆಯರ ಒಳಸಂಚು. ನಡುವೆ ಜನ. ಇದು ಭೂಮಿಯ ಕಥೆ ಬಂಧುಗಳೇ, ಮೊದಲಿನಿಂದ ಕೊನೆಯವರೆಗೂ ಭೂಮಿಯ ಕಥೆ. ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕೇ? 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿ ಒಕ್ಕಲು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯನಾದ. ಆದರೆ ಕಾಡಿನ ಅಂಚಿನಲ್ಲಿ ಸಾಗುವಳಿ ಮಾಡಿದವನು ಇಂದಿಗೂ 'ಅತಿಕ್ರಮಣದಾರ'. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಬುಡಕಟ್ಟಿಗೆ ಸೇರದವನು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದುದಕ್ಕೆ ರುಜುವಾತು ಕೊಡಬೇಕು. ಕಾಗದವೇ ಕಾಣದ ಅಜ್ಜನ ಹೆಸರಿನಲ್ಲಿ ಕಾಗದ ಎಲ್ಲಿಂದ ತರಬೇಕು?

ಈಗ ಪೋಸ್ಟರು ನೋಡಿ. ಮೊದಲು ಬಂದವುಗಳಲ್ಲಿ ಕಂಬಳದ ಗದ್ದೆ, ಕೋಣಗಳ ಹಿಂದೆ ಓಡುವ ನಾಯಕ, ಮೇಲಕ್ಕೆ ಸಿಡಿಯುವ ಕೆಸರು ನೀರು. ಅದು ದುಡಿಮೆಯ ಮೈ. ಗದ್ದೆಯ ಬಣ್ಣ. ಚಿತ್ರ ಗೆಲ್ಲುತ್ತಾ ಹೋದಂತೆ ಗೋಡೆ ತುಂಬಿದ್ದು ದೈವದ ಮುಖ: ಬಣ್ಣ ಹಚ್ಚಿದ ಮುಖ, ಬೆಂಕಿಯ ಬೆಳಕು, ಹಿಂದೆ ಕತ್ತಲೆ. 2023ರ ನವೆಂಬರಿನಲ್ಲಿ ಇದರ ಹಿಂದಿನ ಅಧ್ಯಾಯದ ಮೊದಲ ಚಿತ್ರ ಬಂದಾಗ ನಾಯಕನ ಕೈಯಲ್ಲಿ ತ್ರಿಶೂಲ, ಕೊಡಲಿ, ಮೈಮೇಲೆ ರಕ್ತ. ಮೂರು ಹೆಜ್ಜೆಯಲ್ಲಿ ಗದ್ದೆಯ ಮನುಷ್ಯ ದೈವವಾದ, ದೈವ ಯೋಧನಾದ. ಕೋಣದ ಹಗ್ಗ ಹೋಗಿ ಆಯುಧ ಬಂತು.

ಇದು ಏಕೆ ಹೀಗಾಯಿತು? ಯಾರದೋ ಸಂಚು ಎಂದು ನಾನು ಹೇಳುವುದಿಲ್ಲ. ಮಾರುಕಟ್ಟೆಯ ನಡೆ ಹಾಗೆ. ಕನ್ನಡದಲ್ಲಿ ಬಂದ ಚಿತ್ರ ಎರಡು ವಾರದಲ್ಲಿ ಹಿಂದಿಗೆ ಹೋಯಿತು, ತೆಲುಗು, ತಮಿಳು, ಮಲೆಯಾಳಕ್ಕೆ ಹೋಯಿತು. ಪಹಣಿ, ಗೇಣಿ, ಅರಣ್ಯದ ಗಡಿಕಲ್ಲು, ಇವು ಕುಂದಾಪುರದವನಿಗೂ ಕುಮಟೆಯವನಿಗೂ ಅರ್ಥವಾಗುತ್ತವೆ. ಲಖನೌದವನಿಗೆ ಒಂದು ಗಳಿಗೆಯಲ್ಲಿ ಅರ್ಥವಾಗಬೇಕಾದರೆ ಬೆಂಕಿ, ತ್ರಿಶೂಲ, ರಕ್ತ ಬೇಕು. ಸರಕು ದೂರ ಹೋದಂತೆ ಅದರ ಊರಿನ ಮಣ್ಣು ಉದುರುತ್ತದೆ. ನಮ್ಮ ಮೀನು ದೂರದ ಪೇಟೆಗೆ ಹೋಗುವಾಗ ತಲೆ ತೆಗೆದು ಮಂಜುಗಡ್ಡೆಯಲ್ಲಿ ಹೋಗುತ್ತದೆಯಲ್ಲ, ಹಾಗೆ.

ಈಗ ನಾಲ್ಕನೆಯ ಪ್ರಶ್ನೆ. ಗೋಡೆ ತುಂಬಿದ ಆ ದೊಡ್ಡ ಮುಖದ ಪಕ್ಕದಲ್ಲಿ ನಗುಮುಖದ ಒಡೆಯರು ಎಲ್ಲಿ? ಭೂಮಿಯ ಕಾಗದ ಎಲ್ಲಿ? ಸುಖೀಲಾಲನಂತೆ ಅವರೂ ಗೋಡೆಯ ಮೇಲಿಲ್ಲ. 1957ರಿಂದ 2022ರವರೆಗೆ 65 ವರ್ಷ ಕಳೆದವು, ಬಣ್ಣ ಬದಲಾಯಿತು, ಯಂತ್ರ ಬದಲಾಯಿತು, ಈ ಒಂದು ರೂಢಿ ಬದಲಾಗಲಿಲ್ಲ.

ಇನ್ನೂ ಒಬ್ಬರು ಪೋಸ್ಟರಿನಲ್ಲಿ ಇಲ್ಲ. ನಿಜವಾಗಿ ದೈವ ಕಟ್ಟುವವರು. ನಲ್ಕೆ, ಪರವ, ಪಂಬದ ಮೊದಲಾದ ದಲಿತ ಸಮುದಾಯಗಳವರು ತಲೆಮಾರುಗಳಿಂದ ಆ ಮುಖವರ್ಣಿಕೆಯನ್ನು ಕಾಪಾಡಿಕೊಂಡು ಬಂದವರು. ಚಿತ್ರ ದೇಶವೆಲ್ಲ ಓಡುತ್ತಿದ್ದಾಗ, 2022ರ ಅಕ್ಟೋಬರಿನಲ್ಲಿ, 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಕೊಡುವುದಾಗಿ ರಾಜ್ಯ ಸರಕಾರ ಘೋಷಿಸಿತು. ಘೋಷಿಸಿದ್ದು ಒಳ್ಳೆಯದೇ. ಆದರೆ ಎರಡು ಅಂಕೆಗಳನ್ನು ಅಕ್ಕಪಕ್ಕ ಬರೆಯಿರಿ: ಆ ಮುಖದ ಚಿತ್ರಕ್ಕೆ 400 ಕೋಟಿ, ಆ ಮುಖವನ್ನು ಉಳಿಸಿದವನಿಗೆ ತಿಂಗಳಿಗೆ 2,000. ಭಾಷಣ ಬೇಡ, ಈ ಎರಡು ಅಂಕೆ ಸಾಕು.

ಇದು ನಮ್ಮ ಕುಮಟಾ ತಾಲೂಕಿನಲ್ಲೂ ನಡೆದದ್ದೇ. ಸುನೀಲ್ ಕುಮಾರ್ ದೇಸಾಯಿಯವರ 'ನಮ್ಮೂರ ಮಂದಾರ ಹೂವೆ' 1996ರಲ್ಲಿ ಬಂದ ಮೇಲೆ ಯಾಣದ ಕಪ್ಪು ಬಂಡೆಯ ಹೆಸರು ನಾಡಿನ ಮೂಲೆ ಮೂಲೆಗೆ ಹೋಯಿತು. ಭೈರವೇಶ್ವರ ಶಿಖರ ಸುಮಾರು 120 ಮೀಟರು ಎತ್ತರ. ಅದನ್ನು ನೋಡಲು ಜನ ಬರತೊಡಗಿದರು. ಬಂಡೆಯ ಚಿತ್ರ ಎಲ್ಲರಿಗೂ ಗೊತ್ತು. ಬಂಡೆಯ ಬುಡದಲ್ಲಿ ಬದುಕುವವರ ದಾರಿ, ಆಸ್ಪತ್ರೆ, ಭೂಮಿಯ ಹಕ್ಕು, ಇವು ಯಾವ ಚಿತ್ರದಲ್ಲೂ ಬರುವುದಿಲ್ಲ.

ಈಗ ಮಾರಾಟದ ಮಾತು. ಯಕ್ಷಗಾನದಲ್ಲಿ ಬಣ್ಣದ ವೇಷ ಒಮ್ಮೆಲೇ ಮುಖ ತೋರಿಸುವುದಿಲ್ಲ. ತೆರೆಯ ಹಿಂದೆ ಆರ್ಭಟೆ, ತೆರೆಯ ಮೇಲೆ ಕಿರೀಟದ ತುದಿ, ಚೆಂಡೆಯ ಪೆಟ್ಟು ಏರುತ್ತದೆ, ಆ ಮೇಲೆ ಮುಖ. ಇಂದು 'ಫಸ್ಟ್ ಲುಕ್', 'ಟೀಸರ್' ಎಂದು ಕರೆಯುವುದು ಈ ತೆರೆ ಒಡ್ಡೋಲಗವನ್ನೇ. ವ್ಯತ್ಯಾಸವಿಷ್ಟೇ: ಯಕ್ಷಗಾನದಲ್ಲಿ ತೆರೆ ಹಿಡಿದವನಿಗೆ ಮೇಳ ಸಂಬಳ ಕೊಡುತ್ತದೆ. ಇಂದು ತೆರೆ ಹಿಡಿಯುವವರು ನಮ್ಮ ಹುಡುಗರು. ನಾಯಕನ ಹುಟ್ಟುಹಬ್ಬಕ್ಕೆ ಬಿಟ್ಟ ಚಿತ್ರವನ್ನು ತಮ್ಮ ಫೋನಿನಿಂದ, ತಮ್ಮ ರೊಕ್ಕದ ಡಾಟಾದಿಂದ ನೂರು ಜನರಿಗೆ ಕಳಿಸುತ್ತಾರೆ. ಹಿಂದೆ ಮೈದಾ ಅಂಟು ಹಚ್ಚಿದವನಿಗೆ ದಿನಗೂಲಿ ಇತ್ತು. ಇಂದು ಅದೇ ಕೆಲಸ ಪುಕ್ಕಟೆ. ಮೇಲಿಂದ ಕಟೌಟಿಗೆ ಹಾಲು ಬೇರೆ, ಮನೆಯಲ್ಲಿ ಮಗುವಿಗಿಲ್ಲದ ಹಾಲು. ಗಿರಣಿಯಲ್ಲಿ ಒಂದು ತಾಸು ಹೆಚ್ಚು ದುಡಿಸಿದರೆ ಓವರ್‌ಟೈಮ್ ಕೇಳುವ ನಾವು ಈ ಓವರ್‌ಟೈಮ್ ಕೇಳಿದ್ದೇವೆಯೇ?

ಟಿಕೀಟಿನ ಮಾತೂ ಇದೆ. ಫಾಳಕೆಯವರ ಮೂರು ಆಣೆ ಎಲ್ಲಿ, ಇಂದಿನ ಮಲ್ಟಿಪ್ಲೆಕ್ಸ್ ಎಲ್ಲಿ? 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ತೆರಿಗೆ ಬಿಟ್ಟು 200 ರೂಪಾಯಿಗೆ ಮೇಲೆ ಟಿಕೀಟು ಮಾರಬಾರದೆಂದು ನಿಯಮ ಮಾಡಿತು. ಮಲ್ಟಿಪ್ಲೆಕ್ಸಿನ ಒಡೆಯರು, ನಿರ್ಮಾಪಕರು ಹೈಕೋರ್ಟಿಗೆ ಹೋದರು. ಅದೇ ತಿಂಗಳು 23ರಂದು ತಡೆಯಾಜ್ಞೆ ಬಂತು. ಅಕ್ಟೋಬರ್ 2ರಂದು 'ಕಾಂತಾರ'ದ ಹೊಸ ಅಧ್ಯಾಯ ತೆರೆಗೆ ಬಂತು. ಪೋಸ್ಟರಿನ ಮೇಲೆ ಎಲ್ಲವೂ ಇರುತ್ತದೆ, ಬೆಲೆಯೊಂದು ಇರುವುದಿಲ್ಲ ಎಂಬುದನ್ನು ಗಮನಿಸಿ. ನಮ್ಮ ಕಿರಾಣಿ ಅಂಗಡಿಯವನು ಬೆಂಕಿಪೆಟ್ಟಿಗೆಯ ಮೇಲೂ ಬೆಲೆ ತೋರಿಸಬೇಕು.

ಕೆಲವರು ಹೇಳುತ್ತಾರೆ: "ಮಾಸ್ತರೇ, ದಿನವಿಡೀ ದುಡಿದು ಬಂದವನು ಮೂರು ತಾಸು ನಕ್ಕು ಅತ್ತು ಬರಲಿ ಬಿಡಿ, ಅದಕ್ಕೂ ಲೆಕ್ಕ ಹಾಕಬೇಡಿ." ಈ ಮಾತಿನಲ್ಲಿ ನ್ಯಾಯವಿದೆ. ಸಿನೇಮಾ ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ಪೋಸ್ಟರು ಹರಿಯಿರಿ ಎಂದಂತೂ ಹೇಳುವುದೇ ಇಲ್ಲ; ಅದನ್ನು ಹಚ್ಚಿದವನೂ ನಮ್ಮವನೇ. ಸಂತೋಷ ದುಡಿಯುವವನ ಹಕ್ಕು. ನೇಗಿಲು ಹೊತ್ತ ತಾಯಿಯ ಚಿತ್ರ ನೋಡಿ ಕಣ್ಣು ತುಂಬಿದರೆ ತುಂಬಲಿ. ಆದರೆ ಕಣ್ಣು ಒರೆಸಿಕೊಂಡ ಮೇಲೆ ಸುಖೀಲಾಲನ ಪುಸ್ತಕ ಎಲ್ಲಿ ಎಂದು ಕೇಳಿ.

ಇನ್ನು ಮಾಡಬೇಕಾದ್ದು. ಮೂರೇ ಮಾತು ಹೇಳಿ ಮುಗಿಸುತ್ತೇನೆ.

ವ್ಯಾಪಾರಿ ಬಂಧುಗಳಿಗೆ: ನಿಮ್ಮ ಗೋಡೆ ನಿಮ್ಮ ಆಸ್ತಿ. ಅದರ ಮೇಲೆ ಕೋಟಿ ವ್ಯಾಪಾರದ ಜಾಹೀರಾತು ಹಚ್ಚುವವರು ನಿಮ್ಮ ಅಪ್ಪಣೆ ಪಡೆಯಬೇಕು. ಹಿಂದೆ ಪೋಸ್ಟರು ಹಚ್ಚಲು ಕೊಟ್ಟ ಅಂಗಡಿಗೆ ಒಂದು ಪಾಸು ಬರುತ್ತಿತ್ತು. ಇಂದು ಬಾಡಿಗೆ ಕೇಳಿ. ಒಬ್ಬರು ಕೇಳಿದರೆ ಪಕ್ಕದ ಗೋಡೆಗೆ ಹೋಗುತ್ತಾರೆ, ಪೇಟೆಯವರೆಲ್ಲ ಕೂಡಿ ಕೇಳಿದರೆ ಕೊಡುತ್ತಾರೆ. ಸಾರ್ವಜನಿಕ ಜಾಗಗಳನ್ನು ವಿರೂಪಗೊಳಿಸಬಾರದೆಂಬ 1981ರ ಕಾಯಿದೆಯೂ ಇದೆ. ಅದು ಬಡವನ ಕರಪತ್ರಕ್ಕೆ ಮಾತ್ರ ನೆನಪಾಗುವಂತೆ ಬಿಡಬೇಡಿ.

ಗಿರಣಿಯ ಬಂಧುಗಳಿಗೆ: ಮನೆಯಲ್ಲಿ ಮಕ್ಕಳ ಜೊತೆ ಒಂದು ಪೋಸ್ಟರನ್ನು ಇಟ್ಟುಕೊಂಡು ಆ ನಾಲ್ಕು ಪ್ರಶ್ನೆ ಕೇಳಿ. ಸಾಲೆಯಲ್ಲಿ ನಾವು ಮಾಸ್ತರರು ಪದ್ಯದ ಅರ್ಥ ಕಲಿಸುತ್ತೇವೆ, ಗೋಡೆಯ ಅರ್ಥ ಕಲಿಸುವುದಿಲ್ಲ. ಆ ಪಾಠ ಮನೆಯಲ್ಲೇ ಆಗಬೇಕು.

ಕೊನೆಯದಾಗಿ ನಮ್ಮ ಸಂಘಕ್ಕೆ: ನಮ್ಮ ಪೋಸ್ಟರು ಏಕೆ ಯಾರ ಕಣ್ಣಿಗೂ ಬೀಳುವುದಿಲ್ಲ? ಸಣ್ಣ ಅಕ್ಷರದಲ್ಲಿ ಹದಿನೇಳು ಬೇಡಿಕೆ, ಕೆಳಗೆ ಮೂವತ್ತು ಹೆಸರು. ನಿಂತು ಓದಲು ಯಾರಿಗೆ ಪುರಸತ್ತಿದೆ? ಸಿನೇಮಾದವರಿಂದ ಕಲಿಯೋಣ. ಒಂದು ಮುಖ, ಎರಡು ಬಣ್ಣ, ಒಂದು ಮಾತು. ಊರಿನಲ್ಲಿ ಕೆಲಸವಿಲ್ಲದೆ ಕುಳಿತ ಬೋರ್ಡು ಬರೆಯುವ ಪೇಂಟರನನ್ನು ಕರೆದು, ಕೂಲಿ ಕೊಟ್ಟು, ಬಟ್ಟೆಯ ಮೇಲೆ ಬರೆಸೋಣ. ಆದರೆ ಒಂದು ವಿಷಯದಲ್ಲಿ ಅವರಿಗಿಂತ ಬೇರೆಯಾಗೋಣ. ಕಷ್ಟಪಡುವವನನ್ನು ಮಾತ್ರ ಬರೆದು ಬಿಡುವುದು ಬೇಡ. ಅವನ ಪಕ್ಕದಲ್ಲಿ ಲೆಕ್ಕದ ಪುಸ್ತಕವನ್ನೂ ಬರೆಯೋಣ. ಈ ತಿಂಗಳು ಗಿರಣಿಯಿಂದ ಎಷ್ಟು ಚೀಲ ಅಕ್ಕಿ ಹೊರಟಿತು, ಹೊತ್ತವನ ಕೈಗೆ ಎಷ್ಟು ಬಂತು, ಎರಡೇ ಅಂಕೆ, ದಪ್ಪ ಅಕ್ಷರದಲ್ಲಿ, ಬಸ್ ನಿಲ್ದಾಣದ ಎದುರು.

ಮುಂದಿನ ಕೂಟಕ್ಕೆ ಬರುವಾಗ ಆ ಎರಡು ಅಂಕೆಗಳನ್ನು ನಿಮ್ಮ ನಿಮ್ಮ ಗಿರಣಿಯಿಂದ ತನ್ನಿ. ಗೋಡೆಯನ್ನು ನಾವು ನೋಡಿಕೊಳ್ಳೋಣ.